ಹೆಪಟೈಟಿಸ್ ಸಿ ಮಾತ್ರೆ ನಡೆಯುತ್ತಿದೆ, ಮನೆಯ ಹಾಟ್ ಟಬ್‌ಗೆ ಇಳಿಯಬಹುದಾ?

ಬೆಣ್ಣೆದೋಸೆ_ಡಲ್ಲಾಸ್:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಸಂಕೋಚದ ವಿಷಯ, ಅದಕ್ಕೇ ಹೊಸ ಹೆಸರಿನಲ್ಲಿ ಬರೆಯುತ್ತಿದ್ದೇನೆ. ವಯಸ್ಸು 54. ಊರು ದಾವಣಗೆರೆ, ಇಪ್ಪತ್ತು ವರ್ಷದಿಂದ ಡಲ್ಲಾಸ್ ಹತ್ತಿರ ಇದ್ದೇವೆ.

ಆಗಸ್ಟ್‌ನಲ್ಲಿ ವರ್ಷದ ಚೆಕಪ್‌ಗೆ ಹೋಗಿದ್ದೆ. ಡಾಕ್ಟರು ಬೇರೆ ಟೆಸ್ಟ್‌ಗಳ ಜೊತೆಗೆ ಹೆಪಟೈಟಿಸ್ ಸಿ (ಲಿವರ್‌ಗೆ ಹಿಡಿಯುವ ವೈರಸ್) ಟೆಸ್ಟನ್ನೂ ಬರೆದುಕೊಟ್ಟರು. ಇಲ್ಲಿ 2020ರಿಂದ 18 ದಾಟಿದ ಎಲ್ಲರಿಗೂ ಒಮ್ಮೆಯಾದರೂ ಇದನ್ನು ಮಾಡಿಸಿ ಅಂತ ಸಿಡಿಸಿ (ಇಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ) ಹೇಳಿದೆಯಂತೆ. ನನ್ನದು ಪಾಸಿಟಿವ್ ಬಂತು. ಕುಡಿಯುವವನಲ್ಲ, ಹಚ್ಚೆ ಇಲ್ಲ, ಸೂಜಿ ಕಂಡರೆ ಮುಖ ತಿರುಗಿಸುವ ಜಾತಿ, ಎಲ್ಲಿಂದ ಬಂತು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಅಮ್ಮನೇ ಫೋನಿನಲ್ಲಿ ನೆನಪಿಸಿದರು. 1988ರಲ್ಲಿ ಲೂನಾದಿಂದ ಬಿದ್ದು ತೊಡೆ ಮೂಳೆ ಮುರಿದಾಗ ಮೂರು ಬಾಟಲಿ ರಕ್ತ ಏರಿಸಿದ್ದರು. ಆಗ ಈ ವೈರಸ್‌ಗೆ ಹೆಸರೇ ಇರಲಿಲ್ಲ. ಕಂಡುಹಿಡಿದದ್ದೇ 1989ರಲ್ಲಿ. ಯಾರನ್ನು ಬೈಯೋಣ ಹೇಳಿ.

ಈಗ ಸೋಫೋಸ್‌ಬುವಿರ್-ವೆಲ್ಪಟಾಸ್ವಿರ್ ಮಾತ್ರೆ. ದಿನಕ್ಕೆ ಒಂದು, 12 ವಾರ. ನಾಲ್ಕನೇ ವಾರ ನಡೆಯುತ್ತಿದೆ. ಸ್ವಲ್ಪ ಸುಸ್ತು, ಸಂಜೆ ಹೊತ್ತಿಗೆ ತಲೆನೋವು, ಅಷ್ಟೇ.

ವಿಷಯಕ್ಕೆ ಬರುತ್ತೇನೆ. ಹಿತ್ತಲಲ್ಲಿ ಒಂದು ಹಾಟ್ ಟಬ್ ಇದೆ, ಅಂದರೆ ಕೂತು ಮೈ ಕಾಯಿಸಿಕೊಳ್ಳುವ ಬಿಸಿ ನೀರಿನ ದೊಡ್ಡ ತೊಟ್ಟಿ. ಅದೇ ಲೂನಾ ಕೃಪೆಯಿಂದ ಬೆನ್ನು, ತೊಡೆ ಎರಡೂ ಚಳಿಗೆ ಹಿಡಿದುಕೊಳ್ಳುತ್ತವೆ. ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ ಅದರಲ್ಲಿ ಕೂತರೆ ನಿದ್ದೆ, ಇಲ್ಲದಿದ್ದರೆ ಇಲ್ಲ. ರಿಪೋರ್ಟ್ ಬಂದ ದಿನದಿಂದ ನನ್ನ ಹೆಂಡತಿ ಅದರ ಮುಚ್ಚಳದ ಮೇಲೆ ತುಳಸಿ ಕುಂಡ ತಂದಿಟ್ಟಿದ್ದಾಳೆ, ಅಂದರೆ ಇನ್ನು ಮುಟ್ಟುವ ಹಾಗಿಲ್ಲ ಅಂತ ಅರ್ಥ. ಬಿಸಿಗೆ ಲಿವರ್ ಇನ್ನೂ ಕೆಡುತ್ತದೆ, ಮಾತ್ರೆ ಕೆಲಸ ಮಾಡುವುದಿಲ್ಲ ಅನ್ನುವುದು ಅವಳ ವಾದ. ನನ್ನ ಭಯ ಬೇರೆ. ನವೆಂಬರ್ ಕೊನೆಗೆ ಥ್ಯಾಂಕ್ಸ್‌ಗಿವಿಂಗ್‌ಗೆ ಮಗಳು ಕಾಲೇಜಿನಿಂದ ಇಬ್ಬರು ಗೆಳತಿಯರ ಜೊತೆ ಬರುತ್ತಾಳೆ. ಬಂದವರು ಮೊದಲು ಓಡುವುದೇ ಟಬ್‌ಗೆ. ನಾನು ಕೂತ ನೀರಲ್ಲಿ ಆ ಮಕ್ಕಳು ಕೂತರೆ ಅವರಿಗೆ ಅಂಟಿಬಿಟ್ಟರೆ? ಮಗಳಿಗೆ ಇನ್ನೂ ಏನೂ ಹೇಳಿಲ್ಲ. ಹೆಂಡತಿಯ ಟೆಸ್ಟ್ ಆಯಿತು, ನೆಗೆಟಿವ್.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಒಬ್ಬ ಜ್ವರ ಬರುತ್ತದೆ ಅಂತಾನೆ, ಇನ್ನೊಬ್ಬ ತಲೆ ತಿರುಗಿ ಬಿದ್ದೆ ಅಂತಾನೆ. ಗೊತ್ತಿದ್ದವರು ಹೇಳಿ.

---

ಹಳೇಸೂಜಿ:

ನೀವು ಓದಿದ ಆ ಜ್ವರದ ಕಥೆ, ಬಿದ್ದ ಕಥೆ ಬಹುಶಃ ನನ್ನಂಥವರದ್ದೇ. ಆದರೆ ಅವೆಲ್ಲ ಹಳೇ ಕಾಲದ ಚಿಕಿತ್ಸೆಯ ಮಾತು. ನಿಮ್ಮ ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ.

ನನ್ನದು 2009. ಮಿಶಿಗನ್‌ನಲ್ಲಿದ್ದೆ. ಆಗ ಇದ್ದದ್ದು ವಾರಕ್ಕೊಂದು ಇಂಟರ್‌ಫೆರಾನ್ ಚುಚ್ಚುಮದ್ದು, ಜೊತೆಗೆ ಬೆಳಗ್ಗೆ ಸಂಜೆ ರೈಬಾವಿರಿನ್ ಮಾತ್ರೆ, 48 ವಾರ. ಶುಕ್ರವಾರ ರಾತ್ರಿ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದೆ, ಶನಿವಾರ ಭಾನುವಾರ ಜ್ವರದಲ್ಲಿ ಕಳೆದು ಸೋಮವಾರ ಆಫೀಸಿಗೆ ಹೋಗಬಹುದು ಅಂತ. ರೈಬಾವಿರಿನ್ ರಕ್ತ ಇಳಿಸುತ್ತದೆ. ನನ್ನ ಹಿಮೋಗ್ಲೋಬಿನ್ 14ರಿಂದ 9.5ಕ್ಕೆ ಬಂದಿತ್ತು. ಇಂಟರ್‌ಫೆರಾನ್ ಬಿಳಿ ರಕ್ತಕಣ ಇಳಿಸುತ್ತದೆ, ಅದೂ ಆಯಿತು. ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತಿತ್ತು.

ಫೆಬ್ರವರಿಯಲ್ಲಿ ಗೆಳೆಯರು ಎರಡು ದಿನ ಹೊರಗೆ ಹೋಗೋಣ ಅಂತ ಎಳೆದುಕೊಂಡು ಹೋದರು. ಹೋಟೆಲಿನಲ್ಲಿ ಹಾಟ್ ಟಬ್ ಇತ್ತು. ಮೈಯೆಲ್ಲ ನೋಯುತ್ತಿದ್ದವನಿಗೆ ಅದು ಸ್ವರ್ಗ, ನಲವತ್ತು ನಿಮಿಷ ಕೂತೆ. ಏಳಲು ಹೋದೆ, ಕಣ್ಣು ಕತ್ತಲೆ. ಪಕ್ಕದವನು ಕಂಕುಳಲ್ಲಿ ಕೈ ಹಾಕಿ ಹಿಡಿಯದಿದ್ದರೆ ತಲೆ ಕಲ್ಲಿಗೇ. ಅಷ್ಟಕ್ಕೇ ಮುಗಿಯಲಿಲ್ಲ. ಮೂರನೇ ದಿನ ಚಡ್ಡಿ ಇದ್ದ ಜಾಗದಲ್ಲಿ ಮಾತ್ರ ಕೆಂಪು ಗುಳ್ಳೆ, ತುದಿಯಲ್ಲಿ ಕೀವು, ತುರಿಕೆ ಅಂದರೆ ತುರಿಕೆ. ಮಾತ್ರೆಯ ಅಲರ್ಜಿ ಅಂದುಕೊಂಡೆ. ಡಾಕ್ಟರು ನೋಡಿ "ಎಲ್ಲಿ ಸ್ನಾನ ಮಾಡಿದೆ?" ಅಂತ ಮೊದಲ ಪ್ರಶ್ನೆ ಕೇಳಿದರು. ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಅಂತೆ, ಸರಿಯಾಗಿ ಕ್ಲೋರಿನ್ ಇಲ್ಲದ ಬಿಸಿ ನೀರಲ್ಲಿ ಬೆಳೆಯುತ್ತದೆ. ಗಟ್ಟಿ ಮನುಷ್ಯನಿಗೆ ತಾನೇ ವಾಸಿಯಾಗುತ್ತದೆ, ಬಿಳಿ ರಕ್ತಕಣ ಕಡಿಮೆ ಇದ್ದವನಿಗೆ ಆಟವಲ್ಲ ಅಂತ ಬೈದು ಕಳಿಸಿದರು.

ಅಷ್ಟೆಲ್ಲ ಅನುಭವಿಸಿಯೂ ಆ ಸಲ ವೈರಸ್ ಹೋಗಲಿಲ್ಲ. 2015ರಲ್ಲಿ ಲೆಡಿಪಾಸ್ವಿರ್-ಸೋಫೋಸ್‌ಬುವಿರ್ 12 ವಾರ ತಗೊಂಡೆ, ಹೋಯಿತು. ಅದು ಚಿಕಿತ್ಸೆ ಅಂತಲೇ ಅನಿಸಲಿಲ್ಲ. ಆಗಲೂ ಒಂದೆರಡು ಸಲ ಟಬ್‌ನಲ್ಲಿ ಕೂತಿದ್ದೇನೆ, ಹತ್ತು ನಿಮಿಷ ಅಷ್ಟೇ, ಏನೂ ಆಗಲಿಲ್ಲ. ಹಾಗಂತ ನಿಮಗೂ ಆಗುವುದಿಲ್ಲ ಅಂತ ನಾನು ಬರೆದುಕೊಡಲಾರೆ. ಔಷಧದ ಬಗ್ಗೆ ಗುಳಿಗೆ ಅಕ್ಕ ಬಂದು ಹೇಳಲಿ.

---

ಮನೆಮದ್ದು_ಮಾವ:

ಬೇಡವೇ ಬೇಡ. ಲಿವರ್ ಅಂದರೆ ಪಿತ್ತದ ಮನೆ. ಅದು ಕೆಟ್ಟಾಗ ಮೈಗೆ ಉಷ್ಣ ಸೇರಿಸುವುದಾ? ತಣ್ಣೀರು ಸ್ನಾನ ಮಾಡಿ. ಬೆಳಗ್ಗೆ ಖಾಲಿ ಹೊಟ್ಟೆಗೆ ನೆಲನೆಲ್ಲಿ ಕಷಾಯ, ರಾತ್ರಿ ಅಮೃತಬಳ್ಳಿ ರಸ. ನಮ್ಮ ಕಡೆ ಕಾಮಾಲೆಗೆ ಇದೇ. ಮಾತ್ರೆ ಜೊತೆಗೇ ತಗೊಳ್ಳಿ, ಗಿಡದ ಮದ್ದು ಏನೂ ಮಾಡುವುದಿಲ್ಲ.

---

ಗುಳಿಗೆ_ಅಕ್ಕ:

ಮಾವ, ನಿಮ್ಮ ಮೇಲೆ ಗೌರವ ಇದೆ, ಆದರೆ ಆ ಕೊನೆಯ ಸಾಲನ್ನು ದಯವಿಟ್ಟು ಯಾರೂ ನಂಬಬೇಡಿ. ಅಮೃತಬಳ್ಳಿಯಿಂದಲೇ ಲಿವರ್‌ಗೆ ಪೆಟ್ಟಾದ ರೋಗಿಗಳ ಬಗ್ಗೆ ಕೋವಿಡ್ ಸಮಯದಲ್ಲಿ ನಮ್ಮ ದೇಶದ ಲಿವರ್ ಡಾಕ್ಟರುಗಳೇ ಬರೆದಿದ್ದಾರೆ. ಈ ಚಿಕಿತ್ಸೆ ನಡೆಯುವ 12 ವಾರ ಕಷಾಯ, ಪುಡಿ, ಲೇಹ್ಯ ಎಲ್ಲಕ್ಕೂ ರಜೆ. ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡದ ಮಾತ್ರೆ ಇಲ್ಲಿ ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತದೆ, ಮನಸ್ಸು ಹಗುರವಾಗಲಿ ಅಂತ ತಗೊಳ್ಳುತ್ತಾರೆ, ಅದು ನಿಮ್ಮ ಈ ಮಾತ್ರೆಯನ್ನು ರಕ್ತದಲ್ಲಿ ನಿಲ್ಲಲು ಬಿಡುವುದಿಲ್ಲ. ಗಿಡದ್ದೇ ಅಲ್ವಾ ಅದೂ?

ನಾನು ನ್ಯೂಜೆರ್ಸಿಯಲ್ಲಿ ಫಾರ್ಮಸಿಸ್ಟ್, ಶಿವಮೊಗ್ಗದವಳು. ನಿಮ್ಮ ಡಾಕ್ಟರ್ ಅಲ್ಲ, ನಿಮ್ಮ ಫೈಲ್ ನೋಡಿಲ್ಲ, ಅದನ್ನು ಇಟ್ಟುಕೊಂಡೇ ಓದಿ.

ಬೆಣ್ಣೆದೋಸೆಯವರೇ, ಮೊದಲು ಆ ಮಕ್ಕಳ ವಿಷಯ, ಯಾಕೆಂದರೆ ನಿಮಗೆ ನಿದ್ದೆ ಕೆಡಿಸಿರುವುದು ಬೆನ್ನು ಅಲ್ಲ, ಅದು. ಹೆಪಟೈಟಿಸ್ ಸಿ ರಕ್ತದಿಂದ ರಕ್ತಕ್ಕೆ ಹೋಗುವ ವೈರಸ್. ನೀರಿನಿಂದ ಅಲ್ಲ, ಬೆವರಿನಿಂದ ಅಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಅಲ್ಲ, ತಬ್ಬಿಕೊಂಡರೂ ಅಲ್ಲ. ನೀರಿಗೆ ನಾಲ್ಕು ಹನಿ ರಕ್ತ ಬಿದ್ದಿತು ಅಂತಲೇ ಇಟ್ಟುಕೊಳ್ಳಿ. ಅದು ನೂರಾರು ಗ್ಯಾಲನ್ ನೀರಲ್ಲಿ ಕರಗಿ, ಕ್ಲೋರಿನ್‌ಗೆ ಸಿಕ್ಕಿ, ಆಮೇಲೆ ಇನ್ನೊಬ್ಬರ ರಕ್ತದೊಳಗೆ ಹೋಗಬೇಕು. ಕೊಳದ ನೀರಿಗೆ ರಕ್ತ ಬಿದ್ದು ಯಾರಿಗಾದರೂ ರೋಗ ಬಂದ ಒಂದು ಉದಾಹರಣೆಯೂ ತನಗೆ ಗೊತ್ತಿಲ್ಲ ಅಂತ ಸಿಡಿಸಿಯೇ ಹೇಳುತ್ತದೆ. ಗಾಯ ಇದ್ದರೆ ಇಳಿಯಬೇಡಿ, ಅದು ಎಲ್ಲರಿಗೂ ಹೇಳುವ ಮಾತು, ನಿಮಗೆ ಅಂತ ಅಲ್ಲ.

ನೀವು ಎಚ್ಚರವಾಗಿರಬೇಕಾದ್ದು ಟಬ್‌ನಲ್ಲಿ ಅಲ್ಲ, ಬಚ್ಚಲಲ್ಲಿ. ರೇಜರ್, ಉಗುರು ಕತ್ತರಿ, ಟೂತ್‌ಬ್ರಷ್, ಹಿಮ್ಮಡಿ ಉಜ್ಜುವ ಕಲ್ಲು, ಇವು ನಿಮ್ಮವು ನಿಮಗೇ. ಮಗಳು ಬಂದು "ಅಪ್ಪನ ರೇಜರ್ ಇದೆಯಲ್ಲ" ಅಂತ ಎತ್ತಿಕೊಳ್ಳುವ ಹಾಗೆ ಇಡಬೇಡಿ. ಶುಗರ್ ನೋಡುವ ಸೂಜಿ ಇದ್ದರೆ ಅದೂ ಅಷ್ಟೇ. ಈ ವೈರಸ್ ಒಣಗಿದ ರಕ್ತದಲ್ಲೂ ವಾರಗಟ್ಟಲೆ ಬದುಕಿರಬಲ್ಲದು. ನೆಲಕ್ಕೆ ರಕ್ತ ಬಿದ್ದರೆ ಕೈಗೆ ಗ್ಲೌಸ್ ಹಾಕಿ, ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಸೇರಿಸಿ ಒರೆಸಿ.

ಇನ್ನು ನಿಮ್ಮ ಮಾತ್ರೆ. ಇದು ಇಂಟರ್‌ಫೆರಾನ್ ತರಹ ಬಿಳಿ ರಕ್ತಕಣ ಇಳಿಸುವುದಿಲ್ಲ. ರೈಬಾವಿರಿನ್ ಜೊತೆಗಿಲ್ಲ ಅಂದರೆ ಹಿಮೋಗ್ಲೋಬಿನ್ ಇಳಿಯುವ ಭಯವೂ ಇಲ್ಲ. (ಜೊತೆಗೆ ಕೊಟ್ಟಿದ್ದಾರಾ? ಕೆಲವರಿಗೆ ಕೊಡುತ್ತಾರೆ, ನೋಡಿ ಹೇಳಿ.) ಬಿಸಿ ನೀರಲ್ಲಿ ಕೂತರೆ ಮಾತ್ರೆಯ ಶಕ್ತಿ ಹೋಗುವುದಿಲ್ಲ. ಡಬ್ಬಿಯನ್ನು ಬಿಸಿಯಲ್ಲಿಟ್ಟರೆ ಬೇರೆ ಮಾತು. ಅದು 30 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು, ಟೆಕ್ಸಸ್ ಬಿಸಿಲಲ್ಲಿ ಕಾರಿನಲ್ಲಿ ಬಿಡಬೇಡಿ. ಇದರಲ್ಲಿ ಜಾಸ್ತಿ ಕಾಣುವ ತೊಂದರೆ ತಲೆನೋವು ಮತ್ತು ಸುಸ್ತು. ಎರಡೂ ನಿಮಗಿವೆ. ನೀರು ಕಡಿಮೆ ಕುಡಿದು ಬಿಸಿ ನೀರಲ್ಲಿ ಅರ್ಧ ಗಂಟೆ ಕೂತರೆ ಎರಡೂ ಜಾಸ್ತಿಯಾಗುತ್ತವೆ. ತಪ್ಪು ಮಾತ್ರೆಯ ಮೇಲೆ ಬೀಳುತ್ತದೆ, ಒಂದು ದಿನ ಬಿಟ್ಟು ನೋಡೋಣ ಅನಿಸುತ್ತದೆ. ಬಿಡಬೇಡಿ.

ಬಿಸಿ ನೀರಲ್ಲಿ ಕೂತಾಗ ಚರ್ಮದ ರಕ್ತನಾಳ ಅಗಲವಾಗುತ್ತದೆ, ಬಿಪಿ ಇಳಿಯುತ್ತದೆ. ಎದ್ದ ತಕ್ಷಣ ಇನ್ನೂ ಇಳಿಯುತ್ತದೆ. ಹಳೇಸೂಜಿ ಅವರಿಗೆ ಆದದ್ದು ಅದೇ, ರಕ್ತಹೀನತೆ ಅದಕ್ಕೆ ಸೇರಿಕೊಂಡಿತ್ತು. ಈಗ ನೀವು ಹೇಳದೆ ಬಿಟ್ಟ ಮಾತು. ಲಿವರ್ ಎಷ್ಟು ಗಟ್ಟಿಯಾಗಿದೆ? ಸಿರೋಸಿಸ್, ಅಂದರೆ ಲಿವರ್ ಪೂರ್ತಿ ಕಲೆಗಟ್ಟಿ ಗಟ್ಟಿಯಾದ ಸ್ಥಿತಿ, ಇದೆಯಾ? ಸಿರೋಸಿಸ್ ಇದ್ದು ಪ್ರೊಪ್ರನೊಲಾಲ್, ಕಾರ್ವೆಡಿಲಾಲ್ ತರಹದ ಬಿಪಿ ಇಳಿಸುವ ಮಾತ್ರೆ ನಡೆಯುತ್ತಿದ್ದರೆ, ಹೊಟ್ಟೆಯ ನೀರು ಇಳಿಸಲು ಮಾತ್ರೆ ಇದ್ದರೆ, ಡಾಕ್ಟರು ಹೂಂ ಅನ್ನುವವರೆಗೆ ಟಬ್ ಮಾತೇ ಬೇಡ. ಬಿಪಿ ಮಾತ್ರೆ, ಶುಗರ್ ಏನಾದರೂ ಇದೆಯಾ? ಶುಗರ್‌ನಿಂದ ಪಾದ ಜೋಮು ಹಿಡಿದಿದ್ದರೆ ನೀರು ಸುಡುವುದೇ ಗೊತ್ತಾಗುವುದಿಲ್ಲ.

ಟಬ್‌ಗೆ ಸಂಬಂಧ ಇಲ್ಲದ್ದು ಒಂದು, ಆದರೆ ಕೇಳದೆ ಇರಲಾರೆ. ಗ್ಯಾಸ್ಟ್ರಿಕ್‌ಗೆ ಏನಾದರೂ ತಗೊಳ್ಳುತ್ತೀರಾ? ಊರಿಂದ ತಂದ ಡೈಜೀನ್, ಜೆಲುಸಿಲ್ ಎಲ್ಲರ ಮನೆಯಲ್ಲೂ ಇರುತ್ತದೆ. ಅವುಗಳಿಗೂ ಈ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ಹೊಟ್ಟೆಯಲ್ಲಿ ಆಸಿಡ್ ಇಲ್ಲದಿದ್ದರೆ ವೆಲ್ಪಟಾಸ್ವಿರ್ ಮೈಗೆ ಹತ್ತುವುದಿಲ್ಲ. ಆಸಿಡ್ ತಡೆಯುವ ಓಮೆಪ್ರಜೋಲ್ ಮಾತ್ರೆ ಆದರೆ ಕೇಳದೆ ಮುಟ್ಟಲೇಬೇಡಿ. ಲಿವರ್‌ಗೆ ಬಿಸಿ ನೀರು ಕೆಟ್ಟದ್ದು ಅಂತ ಮನೆಯಲ್ಲಿ ಜಗಳ ಆಡುತ್ತಾ, ಬಿಸಿಬೇಳೆಬಾತ್ ಆದ ಮೇಲೆ ಎರಡು ಡೈಜೀನ್ ಚೀಪುವವರನ್ನು ನಾನು ದಿನಾ ನೋಡುತ್ತೇನೆ.

---

ಮೋಟೆಲ್_ಶೆಟ್ರು:

ಅಕ್ಕ ಮನುಷ್ಯನ ಬಗ್ಗೆ ಹೇಳಿದರು, ನಾನು ನೀರಿನ ಬಗ್ಗೆ ಹೇಳುತ್ತೇನೆ. ಫ್ಲೋರಿಡಾದಲ್ಲಿ ಮೋಟೆಲ್ ನಡೆಸುತ್ತಿದ್ದೇನೆ, ಒಂದು ಕೊಳ, ಒಂದು ಟಬ್, ಎರಡಕ್ಕೂ ದಿನಾ ನಾನೇ ಕೈ ಅದ್ದುವುದು.

ಬೆಣ್ಣೆದೋಸೆ ಸಾರ್, ರಿಪೋರ್ಟ್ ಬಂದ ದಿನದಿಂದ ಮುಚ್ಚಳದ ಮೇಲೆ ಕುಂಡ ಇದೆ ಅಂದಿರಿ. ಅಂದರೆ ಎಷ್ಟು ವಾರ? ಒಳಗೆ ನೀರು ಹಾಗೇ ಇದೆಯಾ? ಹೀಟರ್ ಆನ್ ಇದೆಯಾ? ಕ್ಲೋರಿನ್ ಯಾರು ಹಾಕಿದರು? ನಿಮ್ಮಿಂದ ಟಬ್‌ಗೆ ಏನಾಗುತ್ತದೆ ಅಂತ ಯೋಚಿಸುತ್ತಿದ್ದೀರಿ, ನನಗೆ ಆ ಟಬ್‌ನಿಂದ ನಿಮಗೆ ಏನಾಗುತ್ತದೆ ಅನ್ನುವ ಯೋಚನೆ.

ಬಿಸಿ ನೀರಲ್ಲಿ ಕ್ಲೋರಿನ್ ನಿಲ್ಲುವುದಿಲ್ಲ. ಕೊಳದಲ್ಲಿ ಎರಡು ದಿನ ಇರುವುದು ಟಬ್‌ನಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಖಾಲಿ. ಅದರ ಮೇಲೆ ನಮ್ಮ ಬೆವರು, ಲೋಷನ್, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಎಲ್ಲ ಸೇರಿ ಅದನ್ನು ತಿಂದುಹಾಕುತ್ತವೆ. ಕ್ಲೋರಿನ್ ಹೋದ ಮೇಲೆ ಪೈಪಿನ ಒಳಗೆ ಲೋಳೆ ಕಟ್ಟುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನೀರು ತಿಳಿಯಾಗಿಯೇ ಇರುತ್ತದೆ. ಹಳೇಸೂಜಿಯವರ ಗುಳ್ಳೆ ಬಂದದ್ದು ಅಂಥ ನೀರಿನಿಂದಲೇ. ಇನ್ನೊಂದು ಲೀಜಿಯೊನೆಲ್ಲಾ. ಅದು ಚರ್ಮಕ್ಕಲ್ಲ, ಶ್ವಾಸಕೋಶಕ್ಕೆ. ಜೆಟ್ ಆನ್ ಮಾಡಿದಾಗ ಮೇಲೆ ಏಳುವ ತುಂತುರನ್ನು ಉಸಿರಿಗೆ ಎಳೆದುಕೊಂಡರೆ ನ್ಯುಮೋನಿಯಾ.

ಇದು ಸುಮ್ನೆ ಹೆದರಿಸುವ ಮಾತಲ್ಲ. 1999ರಲ್ಲಿ ನೆದರ್ಲೆಂಡ್ಸ್‌ನ ಬೊವೆನ್‌ಕಾರ್ಸ್‌ಪೆಲ್ ಅನ್ನುವ ಊರಿನ ಹೂವಿನ ಪ್ರದರ್ಶನದಲ್ಲಿ ಮಾರಾಟಕ್ಕೆ ಅಂತ ಒಂದು ಟಬ್ ಓಡಿಸಿ ಇಟ್ಟಿದ್ದರು. ಅದರ ತುಂತುರಿನಿಂದ ಕನಿಷ್ಠ 32 ಜನ ಸತ್ತರು. ಯಾರೂ ಅದರೊಳಗೆ ಇಳಿದವರಲ್ಲ, ಪಕ್ಕದಲ್ಲಿ ನಡೆದು ಹೋದವರು. 2019ರಲ್ಲಿ ಇಲ್ಲೇ ನಾರ್ತ್ ಕೆರೊಲಿನಾದ ಮೌಂಟನ್ ಸ್ಟೇಟ್ ಫೇರ್‌ನಲ್ಲಿ ಮತ್ತೆ ಹಾಗೇ, ಮಾರಾಟದ ಟಬ್, ನೂರಕ್ಕೂ ಹೆಚ್ಚು ಜನರಿಗೆ ಕಾಯಿಲೆ, ನಾಲ್ವರು ಹೋದರು. ಅದನ್ನು ಓದಿದ ವಾರವೇ ನಾನು ನಮ್ಮ ಟಬ್‌ನ ಪೈಪೆಲ್ಲ ತೊಳೆಸಿದ್ದು. ವಯಸ್ಸು 50 ದಾಟಿದವರು, ಸಿಗರೇಟು ಸೇದುವವರು, ಮೊದಲೇ ಕಾಯಿಲೆ ಇದ್ದವರು, ಇವರಿಗೇ ಅದು ಜಾಸ್ತಿ ಹಿಡಿಯುವುದು.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಟೆಸ್ಟ್ ಪಟ್ಟಿ ತನ್ನಿ. ಕ್ಲೋರಿನ್ 3 ಪಿಪಿಎಂಗೆ (ಹತ್ತು ಲಕ್ಷ ಪಾಲು ನೀರಿಗೆ 3 ಪಾಲು) ಕಡಿಮೆ ಇರಬಾರದು. ಕ್ಲೋರಿನ್ ಬದಲು ಬ್ರೋಮಿನ್ ಹಾಕುವವರಾದರೆ 4ರಿಂದ 8. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7.0ರಿಂದ 7.8ರ ಒಳಗೆ. ಪಿಎಚ್ ಮೇಲೆ ಹೋದರೆ ಕ್ಲೋರಿನ್ ಇದ್ದೂ ಇಲ್ಲದ ಹಾಗೆ. ಇಳಿಯುವ ಮುಂಚೆ ಪ್ರತಿ ಸಲ ನೋಡಿ, "ನಿನ್ನೆ ನೋಡಿದ್ದೆ" ಲೆಕ್ಕಕ್ಕಿಲ್ಲ. ಬಿಸಿ 104 ಫ್ಯಾರನ್‌ಹೀಟ್ ದಾಟಲೇಬಾರದು, ಅದು 40 ಸೆಲ್ಸಿಯಸ್. ಅದು ಗಟ್ಟಿ ಮನುಷ್ಯನಿಗೂ ಕೊನೆಯ ಗೆರೆ. ನೀವು 100ಕ್ಕೆ ಇಟ್ಟುಕೊಳ್ಳಿ, ಬೆನ್ನಿಗೆ ಅಷ್ಟು ಸಾಕು. ಬೋರ್ಡಿನಲ್ಲಿ ನಾವು 15 ನಿಮಿಷ ಅಂತ ಬರೆಯುತ್ತೇವೆ, ಯಾರೂ ಓದುವುದಿಲ್ಲ, ನೀವಾದರೂ ಓದಿ.

ಮೊದಲು ಸೋಪು ಹಾಕಿ ಮೈ ತೊಳೆದು ಇಳಿಯಬೇಕು. ನಮ್ಮವರಿಗೆ ಇದು ವಿಚಿತ್ರ ಅನಿಸುತ್ತದೆ, ಸ್ನಾನಕ್ಕೆ ಮುಂಚೆ ಸ್ನಾನವಾ ಅಂತ. ಅದು ಸ್ನಾನದ ತೊಟ್ಟಿ ಅಲ್ಲ ಮಾರಾಯ್ರೆ. ಕೈಯಲ್ಲಿ ಬಿಯರ್ ಹಿಡಿದು ಕೂರುವವರಿಗೆ ಹೇಳುವ ಮಾತು ನಿಮಗೆ ಬೇಕಿಲ್ಲ ಅನಿಸುತ್ತದೆ.

---

ಜಯನಗರ_ಸೊಸೆ:

ನನ್ನದು ಬೆಂಗಳೂರು, ಹಾಟ್ ಟಬ್ ಇಲ್ಲ, ಆದರೆ ಇದೇ ಪ್ರಶ್ನೆ ನಮ್ಮ ಮನೆಯಲ್ಲೂ ಎದ್ದಿತ್ತು. ನಮ್ಮ ಮಾವನವರಿಗೆ ಹೋದ ವರ್ಷ ಸರ್ಕಾರದ ಕಾರ್ಯಕ್ರಮದಲ್ಲೇ ಚಿಕಿತ್ಸೆ ಆಯಿತು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ಕಾರ್ಯಕ್ರಮ, ಔಷಧ ಪೂರ್ತಿ ಉಚಿತ. ಸೋಫೋಸ್‌ಬುವಿರ್, ಡಕ್ಲಾಟಾಸ್ವಿರ್ ಎರಡು ಮಾತ್ರೆ, 12 ವಾರ. ಇದನ್ನು ಯಾಕೆ ಹೇಳುತ್ತೇನೆ ಅಂದರೆ ಇಲ್ಲಿ ಓದುವ ಎಷ್ಟೋ ಜನ ಇದಕ್ಕೆ ಲಕ್ಷಗಟ್ಟಲೆ ಬೇಕು ಅಂದುಕೊಂಡು ಟೆಸ್ಟಿಗೇ ಹೋಗುವುದಿಲ್ಲ.

ಮಧ್ಯದಲ್ಲಿ ದೀಪಾವಳಿ ಬಂತು. ನೀರು ತುಂಬುವ ಹಬ್ಬದ ದಿನ ಹಂಡೆ ತೊಳೆದು ಸುಣ್ಣದ ಪಟ್ಟೆ ಬಳಿದು ನೀರು ತುಂಬಿ ಇಟ್ಟಿದ್ದೆವು. ಮರುದಿನ ಬೆಳಗಿನ ಜಾವ ಎಣ್ಣೆ ಸ್ನಾನ. ಮಾವನವರು ಮೈ ಮುರಿಯುವ ಹಾಗೆ ಎಣ್ಣೆ ತಿಕ್ಕಿಸಿಕೊಂಡು, ಹೊಗೆಯಾಡುವ ನೀರು ಹತ್ತು ಹದಿನೈದು ಚೊಂಬು ಸುರಿದುಕೊಳ್ಳುವವರು. ಅತ್ತೆ ಬೇಡ ಅಂದರು, ಅವರು ಹಠ. ಕೊನೆಗೆ ಆಸ್ಪತ್ರೆಯ ನರ್ಸ್‌ಗೆ ಫೋನ್ ಮಾಡಿ ಕೇಳಿದೆವು. ಹದ ಬಿಸಿ ಇರಲಿ, ಹೊಟ್ಟೆಗೆ ಸ್ವಲ್ಪ ಹಾಕಿಕೊಂಡು ಮಾಡಲಿ, ಸ್ಟೂಲ್ ಮೇಲೆ ಕೂರಿಸಿ, ಬಾಗಿಲ ಚಿಲಕ ಹಾಕಬೇಡಿ ಅಂದರು. ಚಿಲಕದ ಮಾತು ನಮಗೆ ಹೊಳೆದೇ ಇರಲಿಲ್ಲ. ಸ್ನಾನ ಮುಗಿಸಿ ಎದ್ದಾಗ ಸ್ವಲ್ಪ ತೂರಾಡಿದರು, ನನ್ನ ಗಂಡ ಹೊರಗೇ ನಿಂತಿದ್ದರು, ಹಿಡಿದುಕೊಂಡರು.

ಇನ್ನೊಂದು, ಮಾವನವರಿಗೆ ಮೈ ತುರಿಕೆ ಇತ್ತು. ಬಿಸಿ ನೀರು ಬಿದ್ದಾಗ ಹಾಯಾಗಿರುತ್ತಿತ್ತು, ರಾತ್ರಿ ಎರಡರಷ್ಟು ತುರಿಕೆ. ಉಗುರುಬೆಚ್ಚಗಿನ ನೀರಿಗೆ ಬದಲಾಯಿಸಿದ ಮೇಲೆ ಕಡಿಮೆಯಾಯಿತು. ತುರಿಕೆ ಇದ್ದವರು ನೋಡಿ.

---

ಬೆಣ್ಣೆದೋಸೆ_ಡಲ್ಲಾಸ್:

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಅಕ್ಕ, ನಿಮ್ಮ ಪ್ರಶ್ನೆಗಳಿಗೆ: ಲಿವರ್ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ 9.8 ಬಂದಿದೆ, ಎಫ್3 ಅಂತ ಬರೆದಿದ್ದಾರೆ, ಸಿರೋಸಿಸ್‌ಗೆ ಒಂದು ಮೆಟ್ಟಿಲು ಕೆಳಗೆ, ಸಿರೋಸಿಸ್ ಇಲ್ಲ ಅಂದರು. ರೈಬಾವಿರಿನ್ ಇಲ್ಲ. ಶುಗರ್ ಇಲ್ಲ. ಬಿಪಿಗೆ ಆಮ್ಲೋಡಿಪಿನ್ 5 ಇದೆ. ಮತ್ತೆ, ಹೇಳಲು ನಾಚಿಕೆ, ಡೈಜೀನ್ ಇದೆ. ಮಾತ್ರೆ ರಾತ್ರಿ ಊಟದ ಜೊತೆ, ಡೈಜೀನ್ ಊಟ ಆದ ಮೇಲೆ. ನಾಲ್ಕು ವಾರದಿಂದ ವಾರಕ್ಕೆ ಎರಡು ಮೂರು ಸಲ ಹೀಗೆ ಮಾಡಿದ್ದೇನೆ. ಹಾಳಾಯಿತಾ?

ಶೆಟ್ರೇ, ನಿಮ್ಮ ಪ್ರಶ್ನೆ ಓದಿ ಎದ್ದು ಹೊರಗೆ ಹೋದೆ. ಕುಂಡ ಎತ್ತಿ ಮುಚ್ಚಳ ತೆಗೆದೆ. ನೀರು ಕನ್ನಡಿ ಹಾಗಿದೆ. ಪಟ್ಟಿ ಅದ್ದಿದೆ. ಕ್ಲೋರಿನ್ ಚೌಕ ಬಣ್ಣವೇ ಬರಲಿಲ್ಲ. ಸೊನ್ನೆ. ಪಿಎಚ್ 8.4. ಹೀಟರ್ 95ರಲ್ಲಿ ಓಡುತ್ತಲೇ ಇತ್ತು, ಹತ್ತು ವಾರ.

---

ಗುಳಿಗೆ_ಅಕ್ಕ:

ಹಾಳಾಯಿತು ಅಂತ ಅಲ್ಲ, ಆದರೆ ಮುಚ್ಚಿಡಬೇಡಿ. ನಾಳೆ ಬೆಳಗ್ಗೆ ಲಿವರ್ ಕ್ಲಿನಿಕ್‌ಗೆ ಫೋನ್ ಮಾಡಿ ಡೈಜೀನ್ ವಿಷಯ ಇದ್ದ ಹಾಗೆ ಹೇಳಿ. ಬೇಕಾದರೆ ರಕ್ತ ನೋಡುತ್ತಾರೆ. ಇವತ್ತಿನಿಂದ ಮಾತ್ರೆಯನ್ನು ಬೆಳಗಿನ ತಿಂಡಿಗೆ ಬದಲಾಯಿಸಬಹುದಾ ಅಂತಲೂ ಕೇಳಿ, ಆಗ ರಾತ್ರಿಯ ಡೈಜೀನ್‌ಗೆ ಅಂತರ ತಾನೇ ಸಿಗುತ್ತದೆ. ಅದೇ ಫೋನಿನಲ್ಲಿ ಟಬ್ ವಿಷಯವೂ ಕೇಳಿ, ಬಿಪಿ ಮಾತ್ರೆ ಇದೆ ಅನ್ನುವುದನ್ನು ಸೇರಿಸಿ. ಆಮ್ಲೋಡಿಪಿನ್ ಕೂಡ ರಕ್ತನಾಳ ಅಗಲ ಮಾಡುವುದೇ, ಬಿಸಿ ನೀರೂ ಅದನ್ನೇ ಮಾಡುವುದು. ಅದಕ್ಕೇ ಏಳುವಾಗ ಮೆಲ್ಲಗೆ. ಮೊದಲು ಟಬ್‌ನ ಅಂಚಿನಲ್ಲಿ ಎರಡು ನಿಮಿಷ ಕೂತು, ಆಮೇಲೆ ನಿಲ್ಲುವುದು.

---

ಮೋಟೆಲ್_ಶೆಟ್ರು:

ಆ ನೀರಿಗೆ ಕ್ಲೋರಿನ್ ಸುರಿದು ಸರಿ ಮಾಡಲು ಹೋಗಬೇಡಿ, ಜೆಟ್ಟೂ ಹಾಕಿ ನೋಡಬೇಡಿ. ಒಬ್ಬ ಟಬ್ ಮೆಕ್ಯಾನಿಕ್‌ನನ್ನು ಕರೆಸಿ ಪೈಪ್ ತೊಳೆಸಿ. ಪೈಪಿನ ಲೋಳೆ ಬಿಡಿಸುವ ದ್ರಾವಣ ಹಾಕಿ, ನೀರು ಖಾಲಿ ಮಾಡಿ, ಒಳಗೆ ಉಜ್ಜಿ, ಫಿಲ್ಟರ್ ಹೊಸದು ಹಾಕಿ, ಆಮೇಲೆ ಹೊಸ ನೀರು. ನಿಮ್ಮ ಚಿಕಿತ್ಸೆ ನಡೆಯುತ್ತಿರುವಾಗ ಆ ತುಂತುರಿಗೆ ಮುಖ ಕೊಡುವ ಕೆಲಸ ನೀವೇ ಮಾಡಬೇಡಿ. ಮಾಡುವವನಿಗೂ "ಹತ್ತು ವಾರ ಕ್ಲೋರಿನ್ ಇಲ್ಲ" ಅಂತ ಮೊದಲೇ ಹೇಳಿ, ಮಾಸ್ಕ್ ಹಾಕಿಕೊಳ್ಳಲಿ.

---

ಗ್ಯಾಲ್ವೆಸ್ಟನ್_ಮೊಗವೀರ:

ಟಬ್ ಬಿಡಿ, ಟೆಕ್ಸಸ್‌ನಲ್ಲಿದ್ದೀರಿ ಅಂತ ಒಂದು ಮಾತು. ಲಿವರ್ ತೊಂದರೆ ಇದ್ದವರು ಬೇಸಿಗೆಯಲ್ಲಿ ಗಲ್ಫ್ ಸಮುದ್ರಕ್ಕೆ ಗಾಯ ಇಟ್ಟುಕೊಂಡು ಇಳಿಯಬಾರದು, ಹಸಿ ಆಯ್ಸ್ಟರ್ ತಿನ್ನಲೇಬಾರದು. ವಿಬ್ರಿಯೊ ವಲ್ನಿಫಿಕಸ್ ಅಂತ ಒಂದು ಬ್ಯಾಕ್ಟೀರಿಯಾ, ಬೆಚ್ಚಗಿನ ಉಪ್ಪುನೀರಿನದ್ದು, ಲಿವರ್ ಕೆಟ್ಟವರಿಗೆ ಎರಡು ದಿನದಲ್ಲಿ ಪ್ರಾಣ ತೆಗೆಯಬಲ್ಲದು. ದಾವಣಗೆರೆಯವರು ಆಯ್ಸ್ಟರ್ ತಿನ್ನುತ್ತೀರೋ ಇಲ್ಲವೋ ಗೊತ್ತಿಲ್ಲ, ನಾವು ಕರಾವಳಿಯವರು ಬೇಯಿಸದೆ ತಿನ್ನುವುದಿಲ್ಲ.

---

ಬೆಣ್ಣೆದೋಸೆ_ಡಲ್ಲಾಸ್:

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಆಯ್ಸ್ಟರ್ ತಿನ್ನುವುದಿಲ್ಲ, ಮಿರ್ಚಿ ಮಂಡಕ್ಕಿ ಸಾಕು.

ಕ್ಲಿನಿಕ್‌ಗೆ ಫೋನ್ ಮಾಡಿದೆ. ಡೈಜೀನ್ ವಿಷಯಕ್ಕೆ ನರ್ಸ್ ಬೈಯಲಿಲ್ಲ, ರಕ್ತಕ್ಕೆ ಕರೆದರು. ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿದಿದೆ. ಈಗ ಮಾತ್ರೆ ಬೆಳಗ್ಗೆ ತಿಂಡಿಗೆ. ಟಬ್‌ಗೆ ಅಡ್ಡಿಯಿಲ್ಲ, 100 ಡಿಗ್ರಿ, ಹತ್ತು ನಿಮಿಷ, ಮನೆಯಲ್ಲಿ ಇನ್ನೊಬ್ಬರು ಎಚ್ಚರವಿರುವಾಗ ಮಾತ್ರ, ಕೈಗೆ ಎಟಕುವ ಹಾಗೆ ಕುಡಿಯುವ ನೀರು ಅಂದರು. ಪೂರ್ತಿ ಹೋಯಿತು ಅಂತ ಹೇಳುವುದು ಮಾತ್ರೆ ಮುಗಿದು 12 ವಾರ ಆದ ಮೇಲಿನ ಟೆಸ್ಟಿನಿಂದಲೇ. ನೂರಕ್ಕೆ 95ಕ್ಕಿಂತ ಜಾಸ್ತಿ ಜನರಿಗೆ ಹೋಗುತ್ತದೆ, ಆದರೆ ಮೊದಲಿನ ಆಂಟಿಬಾಡಿ ಟೆಸ್ಟ್ (ವೈರಸ್ ಅನ್ನಲ್ಲ, ಅದರ ವಿರುದ್ಧ ಮೈ ತಯಾರಿಸಿದ್ದನ್ನು ನೋಡುವುದು) ಮಾತ್ರ ಜೀವಮಾನವಿಡೀ ಪಾಸಿಟಿವ್ ಅಂತಲೇ ತೋರಿಸಬಹುದು, ಮುಂದೆ ಯಾರಾದರೂ ಅದನ್ನು ನೋಡಿ ಹೆದರಿಸಿದರೆ ಹೆದರಬೇಡಿ ಅಂತಲೂ ಹೇಳಿದರು.

ಮಗಳಿಗೆ ಹೇಳಿದೆ. ನಾನು ಅಷ್ಟು ದಿನ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ, ಅವಳು ಎರಡನೇ ವಾಕ್ಯಕ್ಕೇ "ಅಮ್ಮನದ್ದು ಟೆಸ್ಟ್ ಆಯ್ತಾ?" ಅಂದಳು. ಆಯಿತು ಅಂದೆ. ಗೆಳತಿಯರಿಗೆ ಹೇಳಬೇಕಾ ಅಂತ ಕೇಳಿದ್ದಕ್ಕೆ, "ಅವರಿಗೆ ಯಾಕಪ್ಪಾ, ಅವರೇನು ನಿನ್ನ ರೇಜರ್ ತಗೊಳ್ತಾರಾ?" ಅಂತ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಫೋನಿನಲ್ಲಿ ಸುಮ್ಮನಿದ್ದಳು. ಅದು ನನಗೆ ಕೇಳಿಸಿತು.

ಪೈಪ್ ತೊಳೆದಾಯಿತು. ಹೊರಗೆ ಬಂದ ಲೋಳೆ ನೋಡಿ ಹೆಂಡತಿ ನನ್ನ ಕಡೆ ತಿರುಗಿ ಏನೂ ಹೇಳಲಿಲ್ಲ, ಹೇಳಿದ್ದಕ್ಕಿಂತ ಜಾಸ್ತಿ ಆಯಿತು. ಹೊಸ ನೀರು ತುಂಬಿದ್ದೇವೆ, ಕ್ಲೋರಿನ್ 4 ಇದೆ, ಪಿಎಚ್ ಇನ್ನೂ 8ರಲ್ಲೇ ನಿಂತಿದೆ. ಶೆಟ್ರೇ, ಇಳಿಸುವ ಪುಡಿ ಹಾಕಿ ಎಷ್ಟು ಹೊತ್ತು ಕಾಯಬೇಕು?

---

ಮೋಟೆಲ್_ಶೆಟ್ರು:

ಡಬ್ಬಿಯ ಮೇಲೆ ಬರೆದ ಅಳತೆಯ ಅರ್ಧ ಮಾತ್ರ ಹಾಕಿ, ಮುಚ್ಚಳ ತೆಗೆದಿಟ್ಟು ಪಂಪ್ ಓಡಿಸಿ, ಅರ್ಧ ಗಂಟೆ ಬಿಟ್ಟು ಪಟ್ಟಿ ಅದ್ದಿ. ಸಾಲದಿದ್ದರೆ ಉಳಿದರ್ಧ. ಒಂದೇ ಸಲ ಸುರಿದರೆ ಕೆಳಗೆ ಧಡಕ್ಕನೆ ಬೀಳುತ್ತದೆ, ಆಮೇಲೆ ಮೇಲೇರಿಸುವ ಪುಡಿ ಹುಡುಕಬೇಕು. ತುಳಸಿ ಕುಂಡವನ್ನು ಟಬ್‌ನಿಂದ ಸ್ವಲ್ಪ ದೂರ ಇಡಿ ಸಾರ್. ಮಕ್ಕಳು ಎಗರಿದರೆ ಕ್ಲೋರಿನ್ ನೀರು ಅದಕ್ಕೇ ಹೋಗುವುದು.